ಯಾರಿಗೂ ಬೇಡದ ಕಾವಲು

ನನ್ನ ವಾರಗಿತ್ತಿ ಒಳ್ಳೆಯವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳುವ ಮನಸ್ಸು ಬರದೇ ಹೋಗಬಹುದು. ಮೈದುನನನ್ನು ಮದುವೆಯಾಗಿ ಅವಳು ಬಂದು ನಾಲ್ಕು ವರ್ಷವಾಯಿತು. ನಾನು ಇಸ್ತ್ರಿ ಹಾಕುವ ಲಾಂಡ್ರಿಯಲ್ಲೇ ಅವಳಿಗೂ ಕೌಂಟರಿನ ಕೆಲಸ ಸಿಕ್ಕಿತು. ಕೊಡಿಸಿದವಳು ನಾನೇ, ಇನ್ನು ಯಾರನ್ನು ದೂರಲಿ?

ತಾಯಿಯಿಲ್ಲದ ಮನೆಯಲ್ಲಿ ಮೂವರು ತಂಗಿಯರನ್ನು ಸಾಕಿ, ಅವರನ್ನೆಲ್ಲ ದಡ ಸೇರಿಸಿ, ಕೊನೆಗೆ ತಾನು ಮದುವೆಯಾದವಳು. ಚೀಟಿ ನೋಡದೆ, ಕಾಲರ್ ಸವೆದಿರುವುದನ್ನು ನೋಡಿಯೇ ಅಂಗಿ ಯಾರದೆಂದು ಹೇಳುತ್ತಾಳೆ. ಗಿರಾಕಿಗಳು ಅವಳನ್ನೇ ಕೇಳಿಕೊಂಡು ಬರುತ್ತಾರೆ. ಮನೆಯಲ್ಲಿ ಅತ್ತೆಯೂ ಮಾತ್ರೆ ಎಲ್ಲಿ ಎಂದು ಅವಳನ್ನೇ ಕೇಳುತ್ತಾರೆ. ಹದಿನೈದು ವರ್ಷದಿಂದ ಆ ಮಾತ್ರೆ ಎತ್ತಿಡುತ್ತಿರುವವಳು ನಾನು. ಹೊಟ್ಟೆ ಉರಿಯದೆ ಇರುತ್ತದೆಯೇ?

ನನ್ನದು ಅಂತ ಉಳಿದಿದ್ದು ಆಟವೊಂದೇ. ಮಧ್ಯಾಹ್ನದ ಬಿಡುವಿನಲ್ಲಿ ಲಾಂಡ್ರಿಯ ಐದು ಜನ ಫೋನ್ ಹಿಡಿದು ಕೂರುತ್ತೇವೆ. ಐವರ ಮೇಲೆ ಐವರ ಯುದ್ಧ, ಎದುರಾಳಿಯ ಕೋಟೆ ಒಡೆದವರು ಗೆದ್ದಂತೆ. ಒಬ್ಬೊಬ್ಬರಿಗೆ ಒಂದೊಂದು ಜಾಗ. ಬಟ್ಟೆ ಒಗೆಯುವ ಅಣ್ಣ ಮುಂದೆ ನಿಂತು ಏಟು ತಿನ್ನುತ್ತಾನೆ. ಕಲೆ ತೆಗೆಯುವ ದೊಡ್ಡಮ್ಮ ನಡುದಾರಿಯಲ್ಲಿ ಮಂತ್ರ ಹಾಕುತ್ತಾರೆ. ವ್ಯಾನ್ ಡ್ರೈವರ್ ನಮ್ಮ ನಾಯಕ, ಕಾಡಿನಲ್ಲಿ ಸುತ್ತುತ್ತಾನೆ. ನಾನು ಬಿಲ್ಲುಗಾರ್ತಿ, ಕೊನೆಯ ಏಟೂ ನನ್ನದು, ಹೆಸರೂ ನನ್ನದು. ಇನ್ನುಳಿದಿದ್ದು ಯಾರಿಗೂ ಬೇಡದ ಕಾವಲಿನ ಜಾಗ. ಬಿಲ್ಲುಗಾರ್ತಿಯ ಬೆನ್ನಿಗೆ ನಿಂತು, ಅವಳ ಮೇಲೆ ಯಾರಾದರೂ ಬಿದ್ದರೆ ಗುರಾಣಿ ಹಿಡಿಯಬೇಕು; ಅವಳು ಉಳಿಯಲಿ ಎಂದು ತಾನು ಸಾಯಬೇಕು. ವಾರಗಿತ್ತಿ ಅದನ್ನು ತಾನಾಗಿ ಕೇಳಿ ತೆಗೆದುಕೊಂಡಳು.

ಮೊದಮೊದಲು ನನಗೆ ಹಾಯಾಗಿತ್ತು. ಆಮೇಲೆ ಶುರುವಾಯಿತು ನೋಡಿ. ನಾನು ಮೂವರನ್ನು ಉರುಳಿಸಿದರೂ ಡ್ರೈವರ್ ಹೊಗಳುವುದು ಅವಳ ಗುರಾಣಿಯನ್ನು. ಗುರಾಣಿಯಂಥ ಶಕ್ತಿಯನ್ನು ಒಮ್ಮೆ ಬಳಸಿದರೆ ಯಾರಿಗೆ ಎಷ್ಟು ಸೆಕೆಂಡಿಗೆ ಅದು ಮರಳಿ ಬರುತ್ತದೆಂದು ಅವಳು ತುಟಿಯಲ್ಲೇ ಎಣಿಸುತ್ತಿರುತ್ತಾಳೆ, ಒಮ್ಮೆಯೂ ತಪ್ಪುವುದಿಲ್ಲ. ಬೀದಿಯ ಅಂಗಡಿಗಳ ಪಂದ್ಯದಲ್ಲಿ ನಾವು ಫೈನಲ್ ತಲುಪಿದಾಗ ದೊಡ್ಡಮ್ಮ ತಬ್ಬಿಕೊಂಡಿದ್ದೂ ಅವಳನ್ನೇ. ನಾನು ಪಕ್ಕದಲ್ಲಿ ಹಲ್ಲು ಕಿರಿದುಕೊಂಡು ನಿಂತಿದ್ದೆ.

ಫೈನಲ್ ಬೇಕರಿಯವರ ಮೇಲೆ. ಆ ದಿನ ಆಟಕ್ಕೆ ಕೂರುವ ಮುಂಚೆ ಡ್ರೈವರ್ ವಾರಗಿತ್ತಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ನನ್ನನ್ನು ಕರೆದ.

"ನಿಮ್ಮಾಟ ಅವ್ರಿಗೆ ಪೂರ್ತಿ ಗೊತ್ತಾಗಿದೆ ಅಕ್ಕ. ಇವತ್ತು ಬಿಲ್ಲು ಇವ್ರಿಗೆ ಕೊಡಿ, ನೀವು ಕಾವಲಿಗೆ ನಿಂತ್ಕೊಳ್ಳಿ."

ವಾರಗಿತ್ತಿ ಬೇಡವೇ ಬೇಡ ಎಂದಳು. ಅದೂ ನನಗೆ ನಾಟಕವಾಗಿ ಕಂಡಿತು. ಆಗಲಿ, ಅದಕ್ಕೇನಂತೆ ಎಂದು ನಕ್ಕೆ. ಒಳಗೆ ಧಗಧಗ.

ಅವಳು ಚೆನ್ನಾಗಿಯೇ ಆಡಿದಳು, ನನಗೆ ತಡೆಯಲಾಗದ್ದು ಅದೇ. ಇವತ್ತು ಗೆದ್ದರೆ ಆ ಜಾಗ ಇನ್ನು ನನ್ನ ಕೈಗೆ ಬರುವುದಿಲ್ಲವೆಂದು ಗೊತ್ತಿತ್ತು. ಬೇಕರಿಯವರ ಕೋಟೆ ಇನ್ನೇನು ಬೀಳುವುದರಲ್ಲಿತ್ತು. ನುಗ್ಗು ಎಂದು ಸನ್ನೆ ಮಾಡುವುದು ಕಾವಲಿನವಳ ಕೆಲಸ. ಮಾಡಿದೆ. ಅವಳು ಹಿಂದೆ ತಿರುಗಿಯೂ ನೋಡದೆ ನುಗ್ಗಿದಳು. ಪೊದೆಯಿಂದ ಇಬ್ಬರು ಅವಳ ಮೇಲೆ ಹಾರಿದರು. ನನ್ನ ಗುರಾಣಿ ಸಿದ್ಧವಿತ್ತು, ಬೆರಳೂ ಅದರ ಮೇಲಿತ್ತು. ಒತ್ತಲಿಲ್ಲ. ಅವಳು ಸತ್ತಳು, ಬಿಲ್ಲಿಲ್ಲದ ನಮ್ಮ ಕೋಟೆಯೂ ಬಿತ್ತು.

ಎಲ್ಲರೂ ನಮ್ಮಿಬ್ಬರ ಮುಖ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ಅವಳೆಂದಳು: "ನಂದೇ ತಪ್ಪು. ಅವಸರ ಮಾಡಿ ಮುಂದೆ ಹೋಗ್ಬಿಟ್ಟೆ."

ನಾಳೆಯಿಂದ ಹಳೆಯ ಜಾಗವೇ ಸರಿ ಎಂದು ಡ್ರೈವರ್ ಫೋನ್ ಜೇಬಿಗಿಟ್ಟುಕೊಂಡ. ನನಗೆ ಬೇಕಾಗಿದ್ದು ನನಗೆ ಸಿಕ್ಕಿತು.

ಮರುದಿನ ಬೆಳಿಗ್ಗೆ ಮಡಿಸಿದ ಅಂಗಿಗಳನ್ನು ಹೊತ್ತು ಕೌಂಟರಿಗೆ ಹೋದೆ. ಅವಳು ಫೋನಿನಲ್ಲಿ ಹಿಂದಿನ ದಿನದ ಆಟ ನೋಡುತ್ತಿದ್ದಳು. ಮುಗಿದ ಆಟವನ್ನು ಯಾರ ಕಣ್ಣಿನಿಂದ ಬೇಕಾದರೂ ಮತ್ತೆ ನೋಡಬಹುದು. ಅವಳು ನೋಡುತ್ತಿದ್ದುದು ನನ್ನ ಕಣ್ಣಿನಿಂದ. ಅವಳು ಸಾಯುವವರೆಗೂ ಗುರಾಣಿ ಸಿದ್ಧವೆನ್ನುವ ಗುರುತು ಪರದೆಯ ಕೆಳಗೆ ಹೊಳೆಯುತ್ತಲೇ ಇತ್ತು. ಅಂಗಿಗಳನ್ನು ಕೌಂಟರಿನ ಮೇಲಿಟ್ಟೆ.

"ನಿನ್ನೆನೇ ಗೊತ್ತಿತ್ತು ಅಕ್ಕ," ಎಂದಳು. "ನಾನೇನಾದ್ರೂ ನಿನ್ನ ಗುರಾಣಿಯ ಸೆಕೆಂಡು ಎಣಿಸೋದ್ರಲ್ಲಿ ತಪ್ಪಿದ್ದೀನಾ ಅಂತ ನೋಡ್ದೆ. ತಪ್ಪಿಲ್ಲ."

ಆಮೇಲೆ ಅಂಗಿಗಳನ್ನು ತನ್ನ ಕಡೆಗೆ ಎಳೆದುಕೊಂಡು ಚೀಟಿ ಚುಚ್ಚತೊಡಗಿದಳು. "ಬಿಲ್ಲು ಬಿಟ್ಕೊಡು ಅಂದಿದ್ರೆ ಅಲ್ಲೇ ಬಿಟ್ಕೊಡ್ತಿದ್ದೆ."

ಆ ಮಧ್ಯಾಹ್ನ ಮತ್ತೆ ಕೂತೆವು. ಬಿಲ್ಲು ನನ್ನ ಕೈಲಿ, ಅವಳು ನನ್ನ ಬೆನ್ನಿಗೆ. ಮೂವರು ಒಟ್ಟಿಗೆ ನನ್ನ ಮೇಲೆ ಬಿದ್ದರು. ಅವಳು ಅಡ್ಡ ಬಂದಳು. "ಹೊಡಿ ಅಕ್ಕ," ಎಂದಳು, ಎಂದಿನ ದನಿಯಲ್ಲೇ. ಅವಳು ಸತ್ತಳು, ನಾನು ಉಳಿದೆ, ಹೊಡೆದೆ, ಗೆದ್ದೆವು. ಈ ಸಲ ಡ್ರೈವರ್ ನನ್ನನ್ನೇ ಹೊಗಳಿದ. ಒಂದು ಚೂರೂ ಖುಷಿಯಾಗಲಿಲ್ಲ.

ಅದು ಯಾರಿಗೂ ಬೇಡದ ಜಾಗ ಎಂದುಕೊಂಡಿದ್ದೆ. ಒಂದೇ ಒಂದು ದಿನ ಸಿಕ್ಕಿತ್ತು, ನನ್ನ ಕೈಲಾಗಲಿಲ್ಲ. ಈಗ ನನ್ನ ಹೊಟ್ಟೆಕಿಚ್ಚೆಲ್ಲ ಆ ಜಾಗದ ಮೇಲೆಯೇ.