ಗೀಚಿದ ಕಲ್ಲು
ಚಾಮರಾಜಪೇಟೆಯ ಒಂದು ಸರ್ಕಲ್ಲಿನಲ್ಲಿ ಜನ ಸೇರುವ ಹಾಗೆ ಮಾಡಿಕೊಡಿ ಅಂತ ನಮ್ಮ ಆರ್ಕಿಟೆಕ್ಟ್ ಆಫೀಸಿಗೆ ಕೆಲಸ ಬಂತು. ಜನ ಮೊದಲೇ ಸೇರುತ್ತಿದ್ದರು. ಅರಳಿಕಟ್ಟೆಯ ಚಪ್ಪಡಿ ಮೇಲೆ ಚೌಕಾಬಾರದ ಮನೆ ಕೆತ್ತಿಕೊಂಡು ನಾಲ್ಕು ಜನ ಆಡೋರು, ಹತ್ತು ಜನ ನಿಂತು ನೋಡೋರು. ಅಳತೆ ತೆಗೆದ ದಿನ ನಾನೇ ಬರೆದೆ: ‘ಕಲ್ಲು ಹಾಳಾಗಿದೆ, ತೆಗೆಯಬೇಕು.’

ಹೊಸ ಕಟ್ಟೆಯ ಉದ್ಘಾಟನೆಯ ಮಾರನೆಯ ದಿನ ಹೋದೆ. ನುಣ್ಣಗಿನ ಹೊಸ ಕಲ್ಲಿನ ಮೇಲೆ ಹಿರಿಯರೊಬ್ಬರು ಸೀಮೆಸುಣ್ಣದಲ್ಲಿ ಆಟದ ಮನೆ ಬರೆಯುತ್ತಿದ್ದರು. ವಾಚ್‌ಮನ್ ಬಂದು ಒರೆಸಿಬಿಟ್ಟ.

“ಯಾಕಪ್ಪಾ?” ಅಂದೆ.

“ಗೀಚಬಾರದು ಅಂತ ಬೋರ್ಡಿದೆ ಸಾರ್.”

ಹಿರಿಯರು ನನ್ನ ಗುರುತು ಹಿಡಿದರು. “ಅವತ್ತು ನೀವು ಅಳೆಯೋವಾಗ ಟೇಪಿನ ಆ ತುದಿ ನಾನೇ ಹಿಡ್ಕೊಂಡಿದ್ನಲ್ಲ,” ಅಂದರು.

ಬೋರ್ಡ್ ಬರೆಸಿದ್ದೂ ನಾನೇ. ಅದರ ಮೊದಲನೇ ಸಾಲು: ‘ಬನ್ನಿ, ಇದು ನಿಮ್ಮದೇ ಜಾಗ.’