ಎರಡನೆಯ ಕುರ್ಚಿಯ ಸವೆತ

ಬೆಳಗಿನ ಐದೂವರೆ. ಮರಗೆಲಸದ ಶೆಡ್ಡಿನ ಬಾಗಿಲಲ್ಲಿ ಆಕೆ ಹೊಸ ಕುರ್ಚಿಯೊಂದನ್ನು ಮಗ್ಗುಲಾಗಿ ಮಲಗಿಸಿಕೊಂಡು ಕುಕ್ಕರುಗಾಲಲ್ಲಿ ಕೂತಿದ್ದಾರೆ. ಓರೆಯಾಗಿ ಬೀಳುವ ಈ ಬೆಳಕಿನಲ್ಲಿ ಮರದ ಮೇಲಿನ ಸಣ್ಣ ಗೀರೂ ಕಾಣುತ್ತದೆ. ಹೊತ್ತು ಏರಿದರೆ ಎಲ್ಲ ಒಂದೇ ಥರ. ಕೈಯಲ್ಲಿ ಬೆರಳಗಲದ ಸ್ಯಾಂಡ್‌ಪೇಪರು, ಪಕ್ಕದಲ್ಲಿ ಹಾಲಿಲ್ಲದ ಕಪ್ಪು ಚಹಾ. ಕುಡಿಯಲಿಕ್ಕಲ್ಲ, ಉಜ್ಜಿದ ಜಾಗಕ್ಕೆ ಬಳಿದು ಹಳೆಯ ಬಣ್ಣ ತರಿಸಲಿಕ್ಕೆ.

ಹೊಸ ಪೀಠೋಪಕರಣಗಳು ಹಳೆಯವಾಗಿ ಕಾಣುವಂತೆ ಮಾಡುವುದು ಇವರ ಕೆಲಸ. ಪುಟ್ಟ ಮನೆ ಕಟ್ಟಿಕೊಂಡು ಅದರ ತುಂಬ ಅಜ್ಜಿಯ ಕಾಲದ ಮೇಜು, ಕಪಾಟು, ಕಿಟಕಿಯ ಬೆಂಚು ಇಡಬೇಕೆಂದು ಕನಸು ಕಾಣುವವರು ಬಹಳ. ಅಷ್ಟೊಂದು ಅಜ್ಜಿಯರ ಮೇಜು ಎಲ್ಲಿಂದ ತರುವುದು? ಇವರ ಅಣ್ಣ ಬಡಗಿ. ಅವರು ಮಾಡುತ್ತಾರೆ, ಇವರು ಸವೆಸುತ್ತಾರೆ. ಶೆಡ್ಡಿನಲ್ಲಿ ಎಲ್ಲರಿಗೂ ಇವರು ‘ಸವೆಸೋ ಅಕ್ಕ’.

“ನಾನು ಕಣ್ಣಿಗೆ ಎಣ್ಣೆ ಬಿಟ್ಕೊಂಡು ನುಣುಪು ಮಾಡ್ತೀನಿ. ಇವಳು ಬಂದು ಸೈಕಲ್ ಚೈನಲ್ಲಿ ಬಾರಿಸಿ ಗುಳಿ ಬೀಳಿಸ್ತಾಳೆ,” ಎಂದು ಅಣ್ಣ ಗೊಣಗುತ್ತಾರೆ.

“ಬಾರಿಸಿದ್ಮೇಲೇ ಅಲ್ವೇನಣ್ಣ ನಿನ್ನ ಕುರ್ಚಿ ಮಾರಾಟ ಆಗೋದು?” ತಲೆ ಎತ್ತದೆ ಅಕ್ಕನ ಉತ್ತರ.

ಇದನ್ನು ಯಾರೂ ಕಲಿಸಲಿಲ್ಲ. ಹದಿನಾಲ್ಕು ವರ್ಷ ಅವರು ಕಚೇರಿಯೊಂದರಲ್ಲಿ ಕಸ ಗುಡಿಸಿ, ಮೇಜು ಕುರ್ಚಿ ಒರೆಸಿದವರು. “ಮನುಷ್ಯರು ಎಲ್ಲೆಲ್ಲಿ ಮುಟ್ತಾರೆ ಅಂತ ಒರೆಸೋಳಿಗೆ ಗೊತ್ತಿರುತ್ತೆ. ಡ್ರಾಯರಲ್ಲಿ ಹಿಡಿಯ ಕೆಳಗೆ, ಉಗುರು ತಾಗೋ ಕಡೆ. ಕುರ್ಚೀಲಿ ಮುಂದಿನ ಅಡ್ಡಪಟ್ಟಿ, ಹಿಮ್ಮಡಿ ಊರೋ ಜಾಗ. ಗೋಡೆ ಕಡೆ ಇರೋ ಕಾಲು ಎಷ್ಟು ವರ್ಷ ಆದ್ರೂ ಹೊಸದೇ.”

ಕಚೇರಿ ಬೇರೆ ಊರಿಗೆ ಹೋಯಿತು, ಕೆಲಸವೂ ಹೋಯಿತು. ಅಣ್ಣನ ಶೆಡ್ಡಿಗೆ ಬಂದು ಹನ್ನೊಂದು ವರ್ಷ. ಒಂದು ಕುರ್ಚಿಗೆ ನಾಲ್ಕು ತಾಸು, ಕಪಾಟಿಗೆ ಎರಡು ದಿನ. ಧೂಳಿಗೆ ಕೆಮ್ಮು ಬಿಟ್ಟಿದ್ದೇ ಇಲ್ಲ. ಬೆರಳ ಗೆರೆಗಳೆಲ್ಲ ಅಳಿಸಿಹೋಗಿ ಬ್ಯಾಂಕಿನ ಯಂತ್ರ ಇವರ ಹೆಬ್ಬೆರಳನ್ನು ಗುರುತಿಸುವುದಿಲ್ಲ. “ಮರದ ಜೊತೆ ನಾನೂ ಸವೆದೆ ನೋಡಿ,” ಎಂದು ನಗುತ್ತಾರೆ.

ಈ ಹನ್ನೊಂದು ವರ್ಷದಲ್ಲಿ ಒಂದು ಸಾಮಾನೂ ವಾಪಸ್ ಬಂದಿರಲಿಲ್ಲ. ಕಳೆದ ವಾರ ಒಂದು ಕುರ್ಚಿ ಬಂತು.

ತಂದವರು ನಿವೃತ್ತ ನರ್ಸ್. ಜೀವಮಾನವಿಡೀ ಕ್ವಾರ್ಟರ್ಸಿನ ಕಬ್ಬಿಣದ ಮಂಚ, ತಗಡಿನ ಬೀರುಗಳ ನಡುವೆ ಕಳೆದು, ಈಗ ಎರಡು ಕೋಣೆಯ ಸ್ವಂತ ಮನೆ ಮಾಡಿಕೊಂಡಿದ್ದಾರೆ. ಮೇಜು, ಕಪಾಟು, ಎರಡು ಕುರ್ಚಿ ಮಾಡಿಸಿದ್ದರು. ಜೋಡಿ ಎಂದರೆ ಜೋಡಿ ಎಂದುಕೊಂಡು ಅಕ್ಕ ಎರಡು ಕುರ್ಚಿಗಳನ್ನೂ ಒಂದೇ ಸಮ ಸವೆಸಿದ್ದರು.

“ಕೆಲಸ ಚೆನ್ನಾಗಿದೆ ಕಣಮ್ಮ. ಆದ್ರೆ ಇದ್ರಲ್ಲಿ ಯಾರೋ ಕೂತಿದ್ದಾರೆ,” ಎಂದರು ನರ್ಸ್. “ನಮ್ಮನೇಲಿ ಕೂರೋದು ನಾನೊಬ್ಳೇ. ಊಟಕ್ಕೆ ಕೂತ್ರೆ ಎದುರಿಗೆ ಯಾರೋ ಈಗಷ್ಟೇ ಎದ್ದುಹೋದ ಹಾಗೆ ಕಾಣುತ್ತೆ.”

“ಹಾಗಾದ್ರೆ ಒಂದೇ ಕುರ್ಚಿ ಇಟ್ಕೊಳಿ.”

“ಒಂದೇ ಕುರ್ಚಿ ಹಾಕಿದ್ರೆ ವಾರ್ಡ್ ಥರ ಇರುತ್ತಮ್ಮ. ಹೊಸದು ಹಾಕಿದ್ರೆ ಅಂಗಡಿ ಥರ.”

ಅಕ್ಕ ಕುರ್ಚಿಯನ್ನು ಬೆಳಕಿಗೆ ತಿರುಗಿಸುತ್ತ, “ಮೇಜು ಎಲ್ಲಿ ಹಾಕಿದ್ದೀರಿ?” ಎಂದು ಕೇಳಿದರು.

“ಕಿಟಕಿ ಹತ್ರ. ಅಡುಗೆಮನೆಗೆ ಈ ಕುರ್ಚಿಯ ಎಡಗಡೆಯಿಂದ ಹಾದೇ ಹೋಗ್ಬೇಕು.”

ಒಮ್ಮೆ ಸವೆದ ಮರವನ್ನು ಮತ್ತೆ ತುಂಬಲಾಗದು. ಅಣ್ಣ ಮೂಗು ಮುರಿಯುತ್ತಲೇ ಇನ್ನೊಂದು ಕುರ್ಚಿ ಮಾಡಿಕೊಟ್ಟರು. “ಇದೂ ವಾಪಸ್ ಬಂದ್ರೆ ನೀನೇ ಕೂತ್ಕೊ,” ಎಂದರು. ನಾಲ್ಕು ದಿನ ಅಕ್ಕ ಅದನ್ನು ಮುಟ್ಟಲಿಲ್ಲ. ಬುತ್ತಿ ಬಿಚ್ಚಿ ಅದರ ಎದುರಿಗೇ ಕೂತು ಉಂಡರು. ಇವತ್ತು ಒಂಬತ್ತಕ್ಕೆ ನರ್ಸ್ ಬರುವುದಿದೆ. ಇನ್ನೊಂದು ಸಲ ತಪ್ಪಿದರೆ ಈ ಕೈಗೆ ಇರುವ ಹೆಸರು ಹೋದಂತೆ.

ಬೆಳಗಿನಿಂದ ಅವರು ಉಜ್ಜುತ್ತಿರುವುದು ಒಂದೇ ಜಾಗ. ಸೀಟಿಗೆ ಕೈ ಹಚ್ಚಿಲ್ಲ, ಅಡ್ಡಪಟ್ಟಿ ಹಾಗೇ ಇದೆ. ಬೆನ್ನೊರಗಿನ ಮೇಲ್ತುದಿ ಮಾತ್ರ, ಅದೂ ಎಡಗಡೆ ಒಂದು ಗೇಣು.

ನರ್ಸ್ ಬರುತ್ತಾರೆ. ಕುರ್ಚಿಯ ಸುತ್ತ ಒಂದು ಸುತ್ತು ಹಾಕುತ್ತಾರೆ. ಬಗ್ಗಿ ಸೀಟು ನೋಡುತ್ತಾರೆ, ಕೆಳಗಿನ ಪಟ್ಟಿ ನೋಡುತ್ತಾರೆ. ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದಾರೆ. ಅಣ್ಣನ ಉಳಿಯ ಸದ್ದೂ ನಿಂತಿದೆ. ನರ್ಸ್ ನೆಟ್ಟಗಾಗುವಾಗ ಆಸರೆಗೆಂದು ಚಾಚಿದ ಕೈ, ಅವರ ಗಮನವಿಲ್ಲದೆಯೇ, ಬೆನ್ನೊರಗಿನ ಎಡತುದಿಗೆ ಹೋಗಿ ಕೂರುತ್ತದೆ. ಅಲ್ಲೇ ಉಳಿಯುತ್ತದೆ.

“ಯಾರೂ ಕೂತಿಲ್ಲ,” ಎನ್ನುತ್ತಾರೆ.

“ಇಲ್ಲಮ್ಮ. ನೀವು ಪಕ್ಕದಲ್ಲಿ ಓಡಾಡಿದ್ದೀರಿ, ಅಷ್ಟೇ.”

ಕುರ್ಚಿಯನ್ನು ಹೊತ್ತ ಗಾಡಿ ರಸ್ತೆಯ ತಿರುವು ದಾಟುವವರೆಗೆ ಅಕ್ಕ ಬಾಗಿಲಲ್ಲೇ ನಿಲ್ಲುತ್ತಾರೆ. ಇನ್ನೇನಾದರೂ ಆಸೆ ಇದೆಯೇ ಎಂದರೆ, ತಣ್ಣಗಾದ ಚಹಾವನ್ನು ಅಂಗಳಕ್ಕೆ ಚೆಲ್ಲಿ ಹೇಳುತ್ತಾರೆ:

“ಹತ್ತು ವರ್ಷ ಬಿಟ್ಟು ಆ ಕುರ್ಚೀನ ಒಂದ್ಸಲ ನೋಡ್ಬೇಕು. ಕೆಳಗಿನ ಪಟ್ಟೀಲಿ ಯಾರದ್ದಾದ್ರೂ ಹಿಮ್ಮಡಿ ಗುರುತು ಬಿದ್ದಿದ್ರೆ, ನನ್ನ ಅಂದಾಜು ತಪ್ಪಾಯ್ತು ಅಂತ ಖುಷಿ ಪಡ್ತೀನಿ.”