ಒಂದೇ ಒಲೆಯ ಓದು

ಮಕ್ಕಳೇ, ನನಗೆ ಓದು ಬರುತ್ತದೆ ಎಂದು ಸರ್ಕಾರಕ್ಕೆ ತಿಳಿಯಲು ಹತ್ತು ವರ್ಷ ಹಿಡಿಯಿತು. ಸರ್ಕಾರದ ತಪ್ಪಲ್ಲ. ಅದು ಕೇಳುವುದೇ ಹತ್ತು ವರ್ಷಕ್ಕೊಮ್ಮೆ.

ಜನಗಣತಿಯನ್ನು ಆಗ ಖಾನೆಷುಮಾರಿ ಎನ್ನುತ್ತಿದ್ದೆವು. ಮೂವತ್ತೊಂದನೆಯ ಇಸವಿಯಲ್ಲಿ ಅದು ತೆಲುಗು ಗಡಿಯ ನಮ್ಮ ಬೈರಕೂರಿಗೆ ಬಂದಾಗ ನಾನು ಹೊಸ ಸೊಸೆ. ಎಣಿಸಲು ಬಂದವರು ಜಗಲಿಯ ಮೇಲೆ ಕೂತರು. ಪರಗಂಡಸರ ಮುಂದೆ ಸೊಸೆಯರು ಮಾತಾಡುವ ಪದ್ಧತಿ ಇರಲಿಲ್ಲ. ನಾನು ಬಾಗಿಲ ಹಿಂದೆ ನಿಂತೆ. ಎಲ್ಲರ ಪರವಾಗಿ ನಮ್ಮತ್ತೆ, ಅಂದರೆ ನಿಮ್ಮ ಮುತ್ತಜ್ಜಿ, ಉತ್ತರ ಕೊಟ್ಟರು. ಮನೆಮಾತು ಯಾವುದು ಎಂದದ್ದಕ್ಕೆ, "ದನಕ್ಕೆ ತೆಲುಗು, ದೇವರಿಗೆ ಕನ್ನಡ. ಇವಳ ಮಾವನಿಗೆ ಯಾವುದರಲ್ಲಿ ಹೇಳಿದ್ರೂ ಕೇಳಿಸಲ್ಲ" ಎಂದರು. ಬಂದವರು ತೆಲುಗು ಎಂದು ಬರೆದುಕೊಂಡರು. ನಮ್ಮಲ್ಲಿ ದೇವರಿಗಿಂತ ದನಗಳೇ ಹೆಚ್ಚಿದ್ದವೆಂದೋ ಏನೋ.

"ಸೊಸೆಗೆ ಓದು ಬರಹ?"

"ಇಲ್ಲ."

ನಾನು ನಮ್ಮೂರ ಶಾಲೆಯಲ್ಲಿ ನಾಲ್ಕನೆಯ ಕ್ಲಾಸು ಮುಗಿಸಿದ್ದೆ. ತವರಿನಿಂದ ತಂದದ್ದರಲ್ಲಿ ಸವೆಯದೆ ಉಳಿದದ್ದು ಅದೊಂದೇ. ಬಳೆ ಸದ್ದು ಮಾಡಿ ನೋಡಿದೆ. ಖಾನೆಷುಮಾರಿಯಲ್ಲಿ ಬಳೆ ಸದ್ದಿಗೆ ಜಾಗವಿರಲಿಲ್ಲ. ಆಮೇಲೆ ಅತ್ತೆ ಕಾರಣ ಹೇಳಿದರು: "ಬರ್ತದೆ ಅಂದ್ರೆ ಊರಿನ ಕಾಗದ ಎಲ್ಲ ತಂದು ನಿನ್ನ ಮುಂದೆ ಸುರೀತಾರೆ ಕಣೇ. ರಾಗಿ ಯಾರು ಬೀಸೋದು?"

ಕಾಗದಗಳು ಹೇಗೂ ಬಂದವು. ಊರ ಗಂಡುಮಕ್ಕಳು ಚಿನ್ನದ ಗಣಿಗೆ ಹೋದರು, ಪಟಾಲಮ್ಮಿಗೆ ಸೇರಿ ಸಿಪಾಯಿಗಳಾದರು. ಅವರ ತಾಯಂದಿರು ಕಾಗದವನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಮ್ಮ ಹಿತ್ತಿಲಿಗೆ ಬಂದರು. ನಾನು ಓದುತ್ತಿದ್ದೆ, ಅತ್ತೆ ರಾಗಿ ಬೀಸುತ್ತ ಕೇಳುತ್ತಿದ್ದರು. ಯಾರ ಮಗ ಏನು ಬರೆದ ಎಂಬುದು ನನಗಿಂತ ಅವರಿಗೇ ಚೆನ್ನಾಗಿ ನೆನಪಿರುತ್ತಿತ್ತು.

ನಲವತ್ತೊಂದರಲ್ಲಿ ಬಂದವರು ಮುಳಬಾಗಿಲಿನ ಒಬ್ಬ ಎಳೆಯ ಮೇಷ್ಟರು. ಒಂದೇ ಒಲೆಯಲ್ಲಿ ಬೇಯಿಸಿ ಉಣ್ಣುವವರೆಲ್ಲ ಒಂದು ಮನೆಯ ಲೆಕ್ಕ ಎಂದು ಮೊದಲೇ ವಿವರಿಸಿದರು. ಅತ್ತೆ ಅದನ್ನು ಗಮನವಿಟ್ಟು ಕೇಳಿಕೊಂಡರು.

"ಸೊಸೆಗೆ ಓದು ಬರಹ?"

ಬಾಗಿಲ ಹಿಂದೆ ನಾನು ಮತ್ತೆ ಬಳೆ ಸದ್ದು ಮಾಡಲು ಕೈ ಎತ್ತಿದೆ.

"ಬರ್ತದೆ. ನಂಗೂ ಬರ್ತದೆ ಅಂತ ಬರ್ಕೋ ನಾಯನಾ" ಎಂದರು ಅತ್ತೆ.

"ನೀವು ಶಾಲೆಗೆ ಹೋಗಿದ್ರಾ ಅಮ್ಮಾ?"

"ಅವಳು ಓದ್ತಾಳೆ, ನಾನು ಕೇಳ್ತೀನಿ. ಒಂದೇ ಒಲೆ ಅಂತ ನೀನೇ ಅಂದ್ಯಲ್ಲ."

ಕಾಗದ ಓದಿ ತೋರಿಸಿದರೆ ಮಾತ್ರ ಬರೆಯುವೆ ಎಂದು ಮೇಷ್ಟರು ಜೇಬಿಗೆ ಕೈಹಾಕಿ, ಸಿಕ್ಕಿದ ಕಾಗದವನ್ನು ಬಾಗಿಲ ಸಂದಿಯಿಂದ ಒಳಕ್ಕೆ ಕೊಟ್ಟರು. ಅದು ಅವರ ಮಾವನವರು ಬರೆದದ್ದು. ನಾನು ಮೆಲ್ಲಗೆ ಓದಿದೆ. ಪರಗಂಡಸಿಗೆ ನನ್ನ ದನಿ ಕೇಳಿಸಿದ್ದು ಅದೇ ಮೊದಲು. ಒಂದೊಂದು ಸಾಲನ್ನೂ ಅತ್ತೆ ಬೀದಿಗೆಲ್ಲ ಕೇಳುವಂತೆ ಮತ್ತೆ ಹೇಳಿದರು: "ಹಬ್ಬಕ್ಕೆ ಕರೆದರೂ ಬರಲಿಲ್ಲ. ಕೊಟ್ಟ ಉಂಗುರ ಸಣ್ಣದೆಂದು ತಾವು ಮುನಿಸಿಕೊಂಡಿರುವುದಾಗಿ ತಿಳಿಯಿತು."

"ಸಾಕಮ್ಮಾ, ಸಾಕು" ಎಂದು ಮೇಷ್ಟರು ಇಬ್ಬರಿಗೂ ಬರುತ್ತದೆ ಎಂದು ಬರೆದರು.

"ಬರಹ ನೋಡಲ್ವಾ?" ಎಂದರು ಅತ್ತೆ. ಅವರು ನೋಡಲಿಲ್ಲ.

ಆ ಹತ್ತು ವರ್ಷದಲ್ಲಿ ನಮ್ಮ ಕಡೆ ಓದು ಬಲ್ಲ ಹೆಂಗಸರು ಹೆಚ್ಚಿದರು ಎಂದು ನಿಮ್ಮ ಪುಸ್ತಕಗಳು ಹೇಳಿದರೆ ನಂಬಿ. ಅವರಲ್ಲಿ ಇಬ್ಬರು ನಮ್ಮ ಮನೆಯವರು. ಇಬ್ಬರಲ್ಲ, ಒಬ್ಬರೇ ಎಂದು ಯಾರಾದರೂ ತಿದ್ದಲು ಬಂದರೆ, ಅವರ ಜೇಬಿನಲ್ಲಿ ಯಾವ ಕಾಗದವಿದೆ ಎಂದು ಮೊದಲು ಕೇಳಿ.